ನಾಟಕದ ಬಾಯಾರ ಬೋಗುಣಿ

ಹೋದ ವಾರ ನಮ್ಮ ಸೊಸೆ ಪುಲಾವ್ ಮಾಡುತ್ತೇನೆಂದು ತುಪ್ಪಕ್ಕೆ ಶಾಜೀರಿಗೆ ಹಾಕಿದಳು. ಒಳಗೆ ಬಟ್ಟೆ ಮಡಚುತ್ತಿದ್ದ ನಾನು ಕೈಯಲ್ಲಿದ್ದ ಟವೆಲನ್ನು ಹಾಗೇ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತುಬಿಟ್ಟೆ. "ಏನಾತ್ರಿ ಅತ್ತಿ, ಹೊತ್ತಿತೇನು?" ಎಂದು ಆಕೆ ಗಾಬರಿಯಾಗಿ ಉರಿ ಸಣ್ಣ ಮಾಡಿದಳು. ಹೊತ್ತಿರಲಿಲ್ಲ. ಆ ವಾಸನೆ ನನ್ನನ್ನು ಎಂಟ್ಹತ್ತು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಗಿತ್ತು, ಅಷ್ಟೇ...

ಆಗ ಪುಣೆಯ ಧನಕವಡಿಯ ನಮ್ಮ ಮನೆಯ ಮೇಲಿನ ಅಂತಸ್ತಿನಿಂದ ವಾರಕ್ಕೆ ಎರಡು ಸಲವಾದರೂ ಈ ವಾಸನೆ ಕೆಳಗಿಳಿದು ಬರುತ್ತಿತ್ತು. ಅಲ್ಲಿ ಬಾಡಿಗೆಗಿದ್ದವರು ಹಂಗೇರಿ ದೇಶದ ಒಬ್ಬ ಹಿರಿಯ ಹೆಂಗಸು. ತಮ್ಮ ನಾಡಿನಲ್ಲಿ ಹೆಸರು ಮಾಡಿದ ನಾಟಕ ನಿರ್ದೇಶಕಿ. ಶಾಜೀರಿಗೆಯನ್ನು ಕಪ್ಪಗಾಗುವ ತನಕ ಹುರಿದು, ಒಂದು ಹಿಡಿ ಹಿಟ್ಟು ಹಾಕಿ, ನೀರು ಸುರಿದು ಕುದಿಸಿ ಅದನ್ನು ಸೂಪ್ ಎಂದು ಕುಡಿಯುತ್ತಿದ್ದರು. ನಮ್ಮ ಯಜಮಾನರು ಒಮ್ಮೆ ರುಚಿ ನೋಡಿ ಕೆಳಗೆ ಬಂದವರು, "ಇದಕ್ಕ ಸಾರು ಅಂತ ಹೇಳಿದ್ರ ನಮ್ಮವ್ವ ಸ್ವರ್ಗದಾಗಿಂದ ಎದ್ದು ಬರ್ತಾಳ" ಎಂದಿದ್ದರು.

ಓಣಿಯ ಮರಾಠಿ ಮಂದಿ ಅವರನ್ನು ಗೋರಿ ಬಾಯಿ, ಅಂದರೆ ಬಿಳಿ ಹೆಂಗಸು, ಎನ್ನುತ್ತಿದ್ದರು. ನಾವು ನಾಟಕದ ಬಾಯಾರು ಎಂದೆವು. ನಮ್ಮ ವಿಜಯಪುರದ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಬಾಯಾರು ಅನ್ನುವುದು ರೂಢಿ. ಅವರೂ ಪುಣೆಯ ಒಂದು ನಾಟಕ ಶಾಲೆಯಲ್ಲಿ ಮೂರು ತಿಂಗಳು ಕಲಿಸಲೆಂದೇ ಬಂದವರು. ಆ ಮೂರು ತಿಂಗಳು ಬೆಳೆದು ಬೆಳೆದು ಆರು ವರ್ಷವಾಗಿತ್ತು. ವರ್ಷ ವರ್ಷ ವೀಸಾದ ಕಾಗದ ಹಿಡಿದುಕೊಂಡು ಅವರು ಓಡಾಡುವುದನ್ನು ನೋಡಿ, ಊರಿಗೇಕೆ ಹೋಗುವುದಿಲ್ಲ ಎಂದು ನಾನು ಕೇಳಿದ್ದೆ. "ಅಲ್ಲಿ ಎಲ್ಲಾರಿಗೂ ನಾ ಯಾರಂತ ಗೊತ್ತದ, ಯಾರೂ ಮಾತಾಡ್ಸೂದಿಲ್ಲ. ಇಲ್ಲಿ ಯಾರಿಗೂ ಗೊತ್ತಿಲ್ಲ, ಆದ್ರೂ ಊಟ ಆತೇನು ಅಂತ ಕೇಳ್ತಾರ" ಎಂದಿದ್ದರು.

ಅವರು ಹೀಗೆ ನಮ್ಮ ಭಾಷೆಯಲ್ಲಿ ಮಾತಾಡಿದರೆಂದು ತಿಳಿಯಬೇಡಿ. ಅವರಾಡುತ್ತಿದ್ದುದು ಮುರಿದ ಇಂಗ್ಲಿಷು. ನಾನು ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತಿಕೆ ಮಾಡುತ್ತಿದ್ದವಳು; ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಫೈಲಿನಲ್ಲಿ ಇಂಗ್ಲಿಷ್. ಹಾಗಾಗಿ ನಮ್ಮಿಬ್ಬರಿಗೆ ಮಾತು ನಡೆಯುತ್ತಿತ್ತು. ಆದರೆ ನೆನಪು ಎಂಥ ವಿಚಿತ್ರವೋ... ನನ್ನ ತಲೆಯೊಳಗೆ ಅವರು ಅಚ್ಚ ನಮ್ಮ ಕಡೆಯ ಕನ್ನಡವನ್ನೇ ಆಡುತ್ತಾರೆ, ನನ್ನನ್ನು ನೀನು ಎಂದೇ ಕರೆಯುತ್ತಾರೆ. ಇಷ್ಟು ವರ್ಷದ ಮೇಲೆ ಅದನ್ನು ತಿದ್ದಲು ನನಗೆ ಮನಸ್ಸಿಲ್ಲ.

ಆಫೀಸಿನಿಂದ ಬಂದು ಮುಖ ತೊಳೆದು ನಾನು ಮೇಲೆ ಹೋಗುತ್ತಿದ್ದೆ. ಅವರು ಚಹಾ ಮಾಡುತ್ತಿದ್ದರು, ಹಾಲಿಲ್ಲದ ಕಪ್ಪು ಚಹಾ. ನಾನು ನನ್ನ ಹಾಲು ಬಟ್ಟಲಲ್ಲಿ ಒಯ್ಯುತ್ತಿದ್ದೆ. ಬಾಲ್ಕನಿಯಲ್ಲಿ ಬೆತ್ತದ ಎರಡು ಮೋಡಾ ಹಾಕಿಕೊಂಡು ಕುಳಿತು ಅವರು ತಮ್ಮ ಕಥೆ ಹೇಳುವರು. ದಿನಕ್ಕಿಷ್ಟು. ನಮ್ಮ ಯಜಮಾನರು ನನಗೆ "ಇವತ್ತಿನ ಅಧ್ಯಾಯ ಆತೇನು" ಎಂದು ಕೇಳುತ್ತಿದ್ದರು.

ಅವರ ತಾಯಿ ನದಿಯ ದಂಡೆಯ ಒಂದು ಸಣ್ಣ ಪಟ್ಟಣದ ರಂಗಮಂದಿರದಲ್ಲಿ ನಟರ ಉಡುಪುಗಳಿಗೆ ಇಸ್ತ್ರಿ ಮಾಡುತ್ತಿದ್ದರಂತೆ. ರಾಜರಾಣಿಯರ ಮಖಮಲ್ಲಿನ ನಿಲುವಂಗಿ ತುಂಬಿದ ಬುಟ್ಟಿಯಲ್ಲೇ ಮಗಳು ಮಲಗಿ ಬೆಳೆದದ್ದು. ಹದಿನೇಳಕ್ಕೆ ಅಲ್ಲಿಯೇ ಕೆಲಸ ಸಿಕ್ಕಿತು. ರಂಗದ ಮುಂಭಾಗದಲ್ಲಿ, ನೆಲದೊಳಗೆ ಒಂದು ಗೂಡು. ಅದರಲ್ಲಿ ಕೂತು, ಮಾತು ಮರೆತ ನಟರಿಗೆ ಪಿಸುಗುಟ್ಟಿ ನೆನಪಿಸುವುದು. ನಮ್ಮ ಕಂಪನಿ ನಾಟಕಗಳಲ್ಲಿ ಪರದೆಯ ಹಿಂದೆ ನಿಂತು ಹೇಳಿಕೊಡುತ್ತಿದ್ದರಲ್ಲ, ಅಂಥದೇ. ಎಂಟು ವರ್ಷ ಆ ಗೂಡಿನಿಂದ ಅವರಿಗೆ ಚೆನ್ನಾಗಿ ಕಂಡದ್ದು ನಟರ ಕಾಲುಗಳು ಮಾತ್ರ. "ಮಾರಿ ಸುಳ್ಳು ಹೇಳ್ತದ, ಕಾಲಿಗೆ ಬರೂದಿಲ್ಲ" ಎನ್ನುತ್ತಿದ್ದರು. ಅವರೆದುರು ನಡೆದಾಡಲು ನನಗೆ ಒಂದಷ್ಟು ದಿನ ಸಂಕೋಚವೇ ಆಗಿತ್ತು.

ಒಂದು ಸಲ ನಿರ್ದೇಶಕ ಜಗಳಾಡಿಕೊಂಡು ಹೊರಟುಹೋದ. ಪ್ರದರ್ಶನಕ್ಕೆ ಹತ್ತೇ ದಿನ. ಇಡೀ ನಾಟಕ ಬಾಯಿಪಾಠ ಇದ್ದದ್ದು ಗೂಡಿನಲ್ಲಿದ್ದ ಹುಡುಗಿಗೆ ಮಾತ್ರ. ಅವಳನ್ನು ಮೇಲಕ್ಕೆ ಕರೆದರು. ಅವಳು ಮತ್ತೆ ಕೆಳಗಿಳಿಯಲಿಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ರಂಗಮಂದಿರ ಅವರ ಕೈಯಲ್ಲಿತ್ತು. ದೂರದೂರದಿಂದ ರೈಲು ಹತ್ತಿ ಬಂದು ಜನ ಅವರ ನಾಟಕ ನೋಡುತ್ತಿದ್ದರಂತೆ, ನಟರು ಅವರ ಹೆಜ್ಜೆ ಸಪ್ಪಳಕ್ಕೆ ಸಿಗರೇಟು ಆರಿಸುತ್ತಿದ್ದರಂತೆ. ಆಮೇಲೆ ಊರ ಅಧಿಕಾರ ಬದಲಾಯಿತು. ಹೊಸಬರಿಗೆ ಹಾಡು ಕುಣಿತ ಬೇಕಿತ್ತು. ಅರ್ಧ ಪುಟದ ಒಂದು ಕಾಗದ ಬಂತು, ಕೀಲಿಕೈ ಒಪ್ಪಿಸಬೇಕೆಂದು. ಒಪ್ಪಿಸಿದರು. "ಅಳು ಬರ್ಲಿಲ್ಲೇನ್ರಿ" ಎಂದು ನಾನು ಕೇಳಿದೆ. "ಬಂತು. ಆದ್ರ ಬಸ್ಸಿನಾಗ. ಅಲ್ಲಿ ಅಳಲಿಲ್ಲ" ಎಂದರು.

ಈ ಆರು ವರ್ಷದಲ್ಲಿ ಅವರು ಕಲಿಸಿದ್ದುಂಟು, ನಾಟಕ ಮಾಡಿಸಿರಲಿಲ್ಲ. ಮಾಡಬೇಕೆನ್ನುವ ಆಸೆ ಹುಟ್ಟಿದ್ದು ನಮ್ಮ ಮನೆಯ ಎದುರಿನ ಖಾಲಿ ಜಾಗದಲ್ಲಿ ಅಪಾರ್ಟ್‌ಮೆಂಟ್ ಏಳತೊಡಗಿದಾಗ. ಯಾದಗಿರಿ ಕಡೆಯ ಹೆಣ್ಣಾಳುಗಳು ಇಟ್ಟಿಗೆ, ಉಸುಕು ಹೊರುತ್ತಿದ್ದರು. ಬೆಳಿಗ್ಗೆ ಎಂಟಕ್ಕೇ ಬಾಯಾರು ಬಾಲ್ಕನಿಯಲ್ಲಿ ಹಾಜರು. ಬುಟ್ಟಿ ಹೇಗೆ ಕೈಯಿಂದ ಕೈಗೆ ಹೋಗುತ್ತದೆ, ಹಲಗೆಯ ಮೇಲೆ ಪಾದ ಹೇಗೆ ಬೀಳುತ್ತದೆ ಎಂದು ನೋಡಿದ್ದೇ ನೋಡಿದ್ದು. "ಇಪ್ಪತ್ತು ವರ್ಷ ನಟರಿಗೆ ಹಿಂಗ ನಡೀರಿ ಅಂತ ಬಡಕೊಂಡೆ. ಒಬ್ರಿಗೂ ಬರ್ಲಿಲ್ಲ" ಎಂದು ಒಂದು ದಿನ ನನ್ನ ತೋಳು ಹಿಡಿದು ಎಬ್ಬಿಸಿ, ಕೆಳಗೆ ಕರೆದುಕೊಂಡು ಹೋದರು. ನಾಟಕಕ್ಕೆ ಬರುತ್ತೀರಾ ಎಂದು ಆ ಹೆಂಗಸರನ್ನು ನಾನು ಕೇಳಬೇಕಂತೆ.

ನನಗೆ ನಾಚಿಕೆಯಾಗಿ ಸಾಯುವಂತಾಗಿತ್ತು. ಆದರೆ ಅವರ ಮುಂದಾಳು ನಾಗಮ್ಮ ತಲೆಯ ಮೇಲಿನ ಸಿಂಬಿ ತೆಗೆದು, ಬಾಯಾರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ರವಿವಾರ ಮಧ್ಯಾಹ್ನ ಆದ್ರ ಬರ್ತೀವ್ರಿ. ಬಟ್ಟಿ ಒಗದು ಬರ್ತೀವಿ" ಎಂದುಬಿಟ್ಟಳು. ಚಹಾ ಮತ್ತು ಅವಲಕ್ಕಿ ನಮ್ಮದು ಎಂದು ನಾನು ಸೇರಿಸಿದೆ. ನಾಗಮ್ಮ, ಅವಳ ನಾದಿನಿ ನೀಲಮ್ಮ, ಮತ್ತಿಬ್ಬರು. ನಮ್ಮ ಮಾಳಿಗೆಯ ಮೇಲೆ ತಾಲೀಮು ಶುರುವಾಯಿತು. ಎಲ್ಲಿಯ ಹಂಗೇರಿ, ಎಲ್ಲಿಯ ಯಾದಗಿರಿ, ನಡುವೆ ನಾನೊಬ್ಬಳು ದುಭಾಷಿ.

ಇದೇ ಹೊತ್ತಿಗೆ ಅವರ ಹಳೆಯ ರಂಗಮಂದಿರದಿಂದ ಕಾಗದ ಬಂತು. ಈಗ ಅದರ ಮುಖ್ಯಸ್ಥನಾಗಿದ್ದವನು ಒಂದು ಕಾಲದಲ್ಲಿ ಅವರ ಶಿಷ್ಯ. ಬಾಯಾರು ತಮ್ಮ ಹೊಸ ನಾಟಕದ ಬಗ್ಗೆ ಅವನಿಗೆ ಬರೆದಿದ್ದರು. ವರ್ಷಕ್ಕೊಂದು ಹೊರದೇಶದ ನಾಟಕ ನಾವು ಕರೆಸುತ್ತೇವೆ, ನಿಮ್ಮದನ್ನು ನೋಡಲು ಬರುತ್ತೇನೆ, ಸರಿ ಬಂದರೆ ಎಲ್ಲರೂ ಬನ್ನಿ ಎಂದು ಅವನು ಬರೆದಿದ್ದ. ಆ ಕಾಗದವನ್ನು ಬಾಯಾರು ನನಗೆ ಮೂರು ಸಲ ಓದಿ ಹೇಳಿದರು. ಕೀಲಿಕೈ ಕೊಟ್ಟು ಬಂದ ಬಾಗಿಲಿನಿಂದಲೇ ಒಳಗೆ ಹೋಗಿ, ಆ ರಂಗದ ಮೇಲೆ ಇನ್ನೊಮ್ಮೆ ನಿಲ್ಲುವುದು... ಅರವತ್ತೊಂಬತ್ತು ವರ್ಷದ ಆ ಹೆಂಗಸಿನ ಕಿವಿ ಕೆಂಪಗಾಗಿದ್ದನ್ನು ನಾನು ಕಣ್ಣಾರೆ ಕಂಡೆ. ಅವರಿಗೆ ಬೇರೆ ಏನೂ ಬೇಕಿರಲಿಲ್ಲ, ಅದೊಂದೇ ಬೇಕಿತ್ತು.

ನಾಟಕದಲ್ಲಿ ಮಾತು ಇರಲಿಲ್ಲ. ಒಂದು ಗೋಡೆ, ಆ ಕಡೆ ಈ ಕಡೆ ಎರಡು ಮನೆ. ಒಂದು ಬೋಗುಣಿ ಈ ಮನೆಯಿಂದ ಆ ಮನೆಗೆ ಹೋಗಿ ಬರುತ್ತಿರುತ್ತದೆ. ಒಮ್ಮೆ ತುಂಬಿ, ಒಮ್ಮೆ ಅರ್ಧ, ಒಮ್ಮೆ ತಳದಲ್ಲಿಷ್ಟು. ಕಾಲ ಕೆಡುತ್ತ ಹೋಗುತ್ತದೆ. ಕೊನೆಗೆ ನಾಗಮ್ಮ ಬಟ್ಟೆ ಮುಚ್ಚಿದ ಬೋಗುಣಿಯನ್ನು ತಂದು ನೀಲಮ್ಮನ ಕೈಗೆ ಕೊಡುತ್ತಾಳೆ, ನೀಲಮ್ಮ ಬಟ್ಟೆ ತೆಗೆದು ಬೋಗುಣಿ ಬೋರಲು ಹಾಕುತ್ತಾಳೆ, ಏನೂ ಬೀಳುವುದಿಲ್ಲ. ಅಲ್ಲಿಗೆ ದೀಪ ಆರುತ್ತದೆ.

ಇದು ಎಲ್ಲಿಂದ ಬಂತೆಂದು ಬಾಯಾರು ಒಂದು ರವಿವಾರ ಅವಲಕ್ಕಿ ತಿನ್ನುತ್ತ ಹೇಳಿದರು. ಅವರು ಸಣ್ಣವರಿದ್ದಾಗ ಅವರ ನಾಡಿನಲ್ಲಿ ತಿನ್ನಲು ಇರಲಿಲ್ಲ. ನೆರೆಮನೆಯ ಹೆಂಗಸು ಒಂದು ಪಾತ್ರೆಯಲ್ಲಿ ಸೂಪ್ ಕಳಿಸುತ್ತಿದ್ದಳು, ಇವರ ತಾಯಿ ಅದರಲ್ಲಿ ಆಲೂಗಡ್ಡೆಯೋ ಹಿಟ್ಟೋ ಹಾಕಿ ಮರಳಿಸುತ್ತಿದ್ದಳು. ಒಂದು ಚಳಿಗಾಲದಲ್ಲಿ ಹಾಕಲು ಏನೂ ಇರಲಿಲ್ಲ. ತೊಳೆದು ಒರೆಸಿ ಖಾಲಿ ಪಾತ್ರೆ ಕೊಟ್ಟಳು. ಆ ಮೇಲೆ ನೆರೆಮನೆಯ ಬಾಗಿಲು ತೆರೆಯಲಿಲ್ಲ. ತಪ್ಪು ಯಾರದೆಂದು ಅವರ ತಾಯಿ ಸಾಯುವ ತನಕ ಕೇಳಿಕೊಳ್ಳುತ್ತಿದ್ದಳಂತೆ.

ನಾನು ಇದನ್ನು ಕನ್ನಡದಲ್ಲಿ ಹೇಳಿ ಮುಗಿಸಿದಾಗ ನಾಗಮ್ಮ ಅವಲಕ್ಕಿಯ ತಟ್ಟೆ ಕೆಳಗಿಟ್ಟಳು. ಆಮೇಲೆ, "ನಮ್ಮ ಕಡಿ ಖಾಲಿ ಭಾಂಡೆ ಯಾರೂ ತಿರುಗಿ ಕೊಡೂದಿಲ್ರಿ ಯಕ್ಕಾ. ಏನೂ ಇಲ್ಲಂದ್ರ ನಾಕ್ ಕಾಳು ಸಕ್ರಿ ಹಾಕ್ತಾರ. ಅವರವ್ವಗ ಅಷ್ಟೂ ಇದ್ದಿಲ್ಲೇನು?" ಎಂದಳು. ಇರಲಿಲ್ಲವಂತೆ ಎಂದೆ. "ಪಾಪ" ಎಂದಳು.

ದುಭಾಷಿ ಕೆಲಸದಲ್ಲಿ ನಾನು ಮಾಡುತ್ತಿದ್ದ ಮೋಸವನ್ನೂ ಹೇಳಿಬಿಡುತ್ತೇನೆ. ಬಾಯಾರು ತಾಲೀಮಿನಲ್ಲಿ ಸಾಕ್ಷಾತ್ ಮಾರಿ. ನಿನ್ನ ಕಾಲು ಕಟ್ಟಿಗೆಯದೇನು, ನಿದ್ದೆಯಲ್ಲಿದ್ದೀಯಾ, ಇದನ್ನು ನೋಡಲು ಯಾರು ಬರುತ್ತಾರೆ ಎಂದು ಒದರುವರು. ವಾರವಿಡೀ ಇಟ್ಟಿಗೆ ಹೊತ್ತು ಬಂದವರಿಗೆ ಅದನ್ನು ಹೇಗೆ ಹೇಳುವುದು? "ಭಾಳ ಚಲೋ ಆತಂತ್ರಿ, ಇನ್ನೊಂದು ಸಲ ಮಾಡೂಣು ಅಂತಾರ" ಎನ್ನುತ್ತಿದ್ದೆ. ನಾನು ಇಷ್ಟುದ್ದ ಹೇಳಿದರೆ ನೀನು ಇಷ್ಟೇ ಹೇಳುತ್ತೀಯಲ್ಲ ಎಂದು ಬಾಯಾರಿಗೆ ಅನುಮಾನ. ನಾಗಮ್ಮನಿಗೆ ಅನುಮಾನವೂ ಇರಲಿಲ್ಲ. "ಬೈದಾರ ಅಂತ ಮಾರಿ ನೋಡಿದ್ರ ತಿಳೀತದ್ರಿ. ನೀವು ಸುಮ್ನ ಬೆಣ್ಣಿ ಹಚ್ಚಬ್ಯಾಡ್ರಿ" ಎಂದು ನಗುತ್ತಿದ್ದಳು. ಆ ರವಿವಾರಗಳಷ್ಟು ನಾನು ಜನ್ಮದಲ್ಲಿ ಎಂದೂ ನಕ್ಕಿಲ್ಲ.

ಬಾಯಾರದು ಒಂದು ಕಟ್ಟುನಿಟ್ಟು ಇತ್ತು. ತಾಲೀಮಿನಲ್ಲಿ ಸಾಮಾನು ಮುಟ್ಟಬಾರದು. ಬೋಗುಣಿ ಇಲ್ಲದೆಯೇ ಬೋಗುಣಿ ಹಿಡಿಯಬೇಕು, ಬರಿ ಕೈ ನೋಡಿಯೇ ತೂಕ ತಿಳಿಯಬೇಕು. ಪ್ರದರ್ಶನದಲ್ಲೂ ಹಾಗೆಯೇ, ಕೊನೆಯ ಸಲ ಮಾತ್ರ ನಿಜವಾದ ಬೋಗುಣಿ ರಂಗಕ್ಕೆ ಬರಬೇಕು. ನಾಲ್ಕು ತಿಂಗಳು ನಾಗಮ್ಮ ಗಾಳಿಯನ್ನೇ ಕೊಟ್ಟಳು, ನೀಲಮ್ಮ ಗಾಳಿಯನ್ನೇ ಬೋರಲು ಹಾಕಿದಳು. ಯಾರಿಗೂ ಏನೂ ಅಡ್ಡಿಯಾಗಲಿಲ್ಲ. ಬೋಗುಣಿಗೆ ನಮ್ಮ ಅಡುಗೆಮನೆಯನ್ನೆಲ್ಲ ಜಾಲಾಡಿ, ಬೆರಳಿನಿಂದ ಬಾರಿಸಿ ನೋಡಿ, ನಮ್ಮ ಅತ್ತೆಯ ಕಾಲದ ಹಿತ್ತಾಳೆಯದೊಂದನ್ನು ಅವರು ಆರಿಸಿಟ್ಟಿದ್ದರು.

ಆ ದಿನ ಬಂತು. ನಮ್ಮ ಕಾಲೇಜಿನ ಸಭಾಗೃಹವನ್ನು ಪ್ರಿನ್ಸಿಪಾಲರ ಕಾಲು ಹಿಡಿದು ನಾನೇ ಕೊಡಿಸಿದ್ದೆ. ಶಿಷ್ಯ ಹಿಂದಿನ ದಿನವೇ ಬಂದು ವಿಮಾನ ನಗರದ ಹೋಟೆಲಿನಲ್ಲಿ ಇಳಿದಿದ್ದ. ಸಂಜೆ ಐದಕ್ಕೆ ರಿಕ್ಷಾ ಬಾಗಿಲಿಗೆ ಬಂದು ನಿಂತಿದೆ, ಬಾಯಾರು ಕೆಳಗಿಳಿದಿದ್ದಾರೆ, ನಾನು ಅವಸರದಲ್ಲಿ ಬೋಗುಣಿ ಬೆಳಗಿ ಒರೆಸಿ, ಮೇಲೆ ಬಟ್ಟೆ ಕಟ್ಟಿ ತಂದು ಅವರ ಕೈಗೆ ಕೊಟ್ಟೆ. ರಿಕ್ಷಾ ಹೊರಟಿತು.

ನಾಟಕ ನಡೆದದ್ದು ಮುಕ್ಕಾಲು ಗಂಟೆ. ಸಭಾಗೃಹದಲ್ಲಿ ಕೆಮ್ಮೂ ಇಲ್ಲ. ಶಿಷ್ಯ ಮುಂದಿನ ಸಾಲಿನಲ್ಲಿ ಬಾಯಾರ ಪಕ್ಕದಲ್ಲೇ ಕೂತು, ಮೊಣಕಾಲ ಮೇಲೆ ಮೊಣಕೈ ಊರಿ ಮುಂದೆ ಬಾಗಿದ್ದ. ಆಯಿತು, ಹಂಗೇರಿ ಗೆದ್ದೆವು ಎಂದು ನಾನು ರಂಗದ ಪಕ್ಕದಿಂದ ನೋಡುತ್ತ ಎಣಿಸಿಕೊಂಡೆ. ಕೊನೆಗೆ ನಾಗಮ್ಮ ಬಟ್ಟೆ ಮುಚ್ಚಿದ ಬೋಗುಣಿ ತಂದಳು. ಅವಳು ಗೋಡೆ ದಾಟಿ ಬಂದ ನಡಿಗೆಯನ್ನು ಹೇಳಲು ನನಗೆ ಬರುವುದಿಲ್ಲ. ನೀಲಮ್ಮ ಬಟ್ಟೆ ತೆಗೆದಳು. ಬೋಗುಣಿಯನ್ನು ಬೋರಲು ಹಾಕಿದಳು.

ನಿಂಬೆಹಣ್ಣಿನಷ್ಟು ದಪ್ಪದ ಬೆಲ್ಲದ ಉಂಡೆ ಟಪ್ಪೆಂದು ಬಿತ್ತು.

ಸದ್ದು ಕೇಳಿದ ಮೇಲೆಯೇ ನನ್ನ ಕೈ ಏನು ಮಾಡಿತ್ತೆಂದು ನನ್ನ ತಲೆಗೆ ಗೊತ್ತಾಯಿತು. ಬೋಗುಣಿ ಒರೆಸಿದ್ದೆ. ಕೊಡಲು ಎತ್ತಿದ್ದೆ. ಖಾಲಿ ಕೊಡುವುದು ಹೇಗೆಂದು ಕೈ ತನ್ನಷ್ಟಕ್ಕೆ ತಾನೇ ಬೆಲ್ಲದ ಡಬ್ಬಿಗೆ ಹೋಗಿತ್ತು. ನಲವತ್ತು ವರ್ಷ ಆ ಕೈ ಹಾಗೆಯೇ ಮಾಡುತ್ತ ಬಂದಿತ್ತು. ನಾಲ್ಕು ತಿಂಗಳು ಆ ತಾಲೀಮಿನ ಒಂದೊಂದು ಮಾತನ್ನೂ ದಾಟಿಸಿದವಳು ನಾನು, ಖಾಲಿ ಅಂದರೆ ಏಕೆ ಖಾಲಿ ಎಂದು ಎಲ್ಲರಿಗೂ ತಿಳಿಸಿ ಹೇಳಿದವಳು ನಾನು...

ರಂಗದ ಮೇಲೆ ನೀಲಮ್ಮ ಕಲ್ಲಾಗಿ ನಿಂತಿದ್ದಳು. ದೀಪ ಆರಿಸಬೇಕಾದವನು ಆರಿಸಲಿಲ್ಲ, ಅವನಿಗೂ ತಿಳಿಯಲಿಲ್ಲ. ಆಮೇಲೆ ನೀಲಮ್ಮ ಕುಕ್ಕರುಗಾಲಲ್ಲಿ ಕೂತು ಬೆಲ್ಲ ಎತ್ತಿಕೊಂಡಳು, ಸೆರಗಿನಿಂದ ಒರೆಸಿದಳು, ನೆಲದ ಮೇಲಿಟ್ಟು ಬೋಗುಣಿಯ ತಳದಿಂದ ಒಂದು ಪೆಟ್ಟು ಹಾಕಿ ಎರಡು ಮಾಡಿದಳು. ದೊಡ್ಡ ತುಂಡನ್ನು ನಾಗಮ್ಮನಿಗೆ ಚಾಚಿ, "ತಗೋ" ಎಂದಳು. ಮಾತಿಲ್ಲದ ನಾಟಕದಲ್ಲಿ ಅದೊಂದೇ ಮಾತು. ಇಬ್ಬರೂ ಗೋಡೆಗೊರಗಿ ಕೂತು ತಿಂದರು. ಆಗ ದೀಪ ಆರಿತು.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಮಾತ್ರ ಚಹಾ ಇಡುವೆನೆಂದು ಒಳಗೆ ಸರಿದೆ. ಹಿಂದಿನ ಕೋಣೆಯಲ್ಲಿ ನಾನು ಚಹಾ ಸೋಸುತ್ತಿದ್ದಾಗ ಶಿಷ್ಯ ಬಾಯಾರಿಗೆ ಇಂಗ್ಲಿಷಿನಲ್ಲೇ ಹೇಳಿದ, ಬಹುಶಃ ನನ್ನೆದುರು ಮರ್ಯಾದೆಗಾಗಿ. ನಾಟಕ ಅದ್ಭುತವಾಗಿದೆ, ಆದರೆ ಆ ಕೊನೆ ನೀವು ಬರೆದದ್ದಲ್ಲ, ನೀವು ನಮಗೆ ಕಲಿಸಿದ್ದೂ ಅಲ್ಲ, ಸಿಹಿ ಹೆಚ್ಚಾಯಿತು, ಬೋಗುಣಿ ಖಾಲಿ ಇದ್ದರೆ ಬರುವ ಶರತ್ಕಾಲಕ್ಕೆ ಎಲ್ಲರೂ ಬನ್ನಿ ಎಂದ. ಬಾಯಾರು ಚಹಾ ಕುಡಿದು ಮುಗಿಸಿದರು. "ಇಲ್ಲ. ಇನ್ನ ಮ್ಯಾಲ ಇದೇ ಕೊನಿ" ಎಂದರು. ಅವನು ಬಹಳ ಹೇಳಿದ. ಅವರು ಒಪ್ಪಲಿಲ್ಲ.

ನಾನು ಅವರನ್ನು ಮೂಲೆಗೆ ಕರೆದು, "ಬಾಯಾರ, ಖಾಲಿ ಮಾಡಿದ್ರ ಆತಲ್ರಿ, ಅದರಾಗೇನದ? ನಾಗಮ್ಮಗ ನಾ ಹೇಳ್ತೀನಿ" ಎಂದು ಅಂಗಲಾಚಿದೆ. ಅವರು ಬೇಡ ಎಂದು ತಲೆಯಾಡಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಜಾರಿಸಿದವಳು ನಾನು. ಅದನ್ನು ಹೇಳಲು ಬಾಯಿ ತೆರೆದೆ... ಅಷ್ಟರಲ್ಲಿ ನಾಗಮ್ಮ ಬಂದು, "ದೇವರಾಣಿ ನಾ ಹಾಕಿಲ್ರಿ ಬಾಯಾರ" ಎಂದು ಕೈ ಮುಗಿದಳು. ಅದನ್ನೂ ನಾನೇ ಇಂಗ್ಲಿಷಿಗೆ ದಾಟಿಸಬೇಕಾಯಿತು. ಬಾಯಾರು ಅವಳ ಭುಜ ತಟ್ಟಿ, ಯಾರು ಹಾಕಿದರೆಂದು ನಾನು ಯಾರನ್ನೂ ಕೇಳುವುದಿಲ್ಲ ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ನನ್ನ ಕೈ ನೋಡಿಕೊಂಡೆ. ಹೇಳಲಿಲ್ಲ.

ನಾಗಮ್ಮನ ಗುಂಪಿಗೇನೂ ಬೇಸರವಾದಂತೆ ಕಾಣಲಿಲ್ಲ. ನಮ್ಮ ಯಜಮಾನರು "ಏನವಾ, ವಿಮಾನ ತಪ್ಪಿತಲ್ಲ" ಎಂದು ನಾಗಮ್ಮನನ್ನು ಕೆಣಕಿದರೆ, "ಹೋದ್ರ ಹೋಗ್ಲಿ ಬಿಡ್ರಿ. ಆ ಥಂಡ್ಯಾಗ ಯಾರು ಸಾಯ್ಬೇಕು" ಎಂದಳು. ಮತ್ತೆರಡು ಸಲ ಅವರು ಆ ನಾಟಕ ಆಡಿದರು, ತಮ್ಮ ಶೆಡ್ಡುಗಳ ನಡುವಿನ ಅಂಗಳದಲ್ಲಿ, ತಮ್ಮ ಮಂದಿಗಾಗಿ. ಬೆಲ್ಲ ನಾಗಮ್ಮನೇ ತರುತ್ತಿದ್ದಳಂತೆ. ನಾನು ಹೋಗಲಿಲ್ಲ, ತಲೆನೋವೆಂದೆ. ಕಟ್ಟಡ ಮುಗಿದ ಮೇಲೆ ಅವರ ಗುಂಪು ಮಗರಪಟ್ಟಾ ಕಡೆಗೆ ಬೇರೆ ಕೆಲಸಕ್ಕೆ ಹೋಯಿತು.

ನಾನು ಮೇಲಿನ ಮನೆಗೆ ಹೋಗುವುದನ್ನೇ ಬಿಟ್ಟೆ. ಯಾವ ಮುಖ ಹೊತ್ತು ಹೋಗಲಿ? ಅವರು ಜೀವಮಾನವೆಲ್ಲ ಕಾದ ಬಾಗಿಲು ನನ್ನಿಂದ ಮುಚ್ಚಿತ್ತು. ಮೊದಲು ಕಾಲೇಜಿನ ಅಡ್ಮಿಷನ್ ನೆವ, ಆಮೇಲೆ ಮಗನ ಮದುವೆ ನೆವ, ಆಮೇಲೆ ನೆವವೂ ಬೇಕಾಗಲಿಲ್ಲ. ಅವರು ಬಾಲ್ಕನಿಯಿಂದ ಬಗ್ಗಿ, ಕಲಿತ ಎರಡು ಕನ್ನಡ ಮಾತಿನಲ್ಲಿ "ಬರ್ರಿ, ಚಹಾ" ಎಂದು ಕರೆಯುವರು. ನಾಳೆ ಬರುತ್ತೇನೆ ಎನ್ನುತ್ತಿದ್ದೆ. ಕೆಲವು ತಿಂಗಳ ಮೇಲೆ ಕರೆಯುವುದು ನಿಂತಿತು. ಎದುರುಬದುರಾದರೆ ನೀರು ಬಂತೇ, ಗ್ಯಾಸು ಬಂತೇ ಎಂಬಷ್ಟು ಮಾತು.

ಹೀಗೆ ಎರಡು ವರ್ಷ ಕಳೆದವು. ಅವರಿಗೆ ಮೊಣಕಾಲು ಕೈಕೊಟ್ಟಿತು, ಉಸಿರೂ ಕಟ್ಟತೊಡಗಿತು. ತಂಗಿಯ ಮಗಳು ಫೋನು ಮಾಡಿ ಮಾಡಿ ಊರಿಗೆ ಕರೆಸಿಕೊಂಡಳು. ಹೊರಡುವ ದಿನ ನಮ್ಮ ಯಜಮಾನರು, "ವಯಸ್ಸಾದವರು, ಸಾಮಾನು ಭಾಳ ಅದ, ನೀನೂ ಹೋಗು" ಎಂದು ನನ್ನನ್ನೂ ಟ್ಯಾಕ್ಸಿಗೆ ಹತ್ತಿಸಿದರು. ಸ್ವಾರಗೇಟ್ ದಾಟುವ ತನಕ ನಾನು ಅವರ ಚೀಲಗಳನ್ನೇ ಎಣಿಸುತ್ತ ಕೂತೆ. ಯೆರವಡಾ ದಾಟಿದ ಮೇಲೆ ಇನ್ನು ವಿಮಾನ ನಿಲ್ದಾಣ ಬಂದೇಬಿಟ್ಟಿತು. ತಡೆಯದೆ ಹೇಳಿಬಿಟ್ಟೆ.

"ಬಾಯಾರ, ಅವತ್ತು ಆ ಬೆಲ್ಲ ನಾನೇ ಹಾಕಿದ್ದು."

"ಗೊತ್ತದ. ನಾನು ನಿನ್ನ ಹಿಂದೇ ನಿಂತಿದ್ದೆ, ಅಡಿಗಿಮನಿ ಬಾಗಲದಾಗ. ನಿನ್ನ ಕೈ ಡಬ್ಬಿಗೆ ಹೋಗಿದ್ದು ನೋಡಿದೆ."

ನಾನು ಅವರ ಕಡೆಗೆ ತಿರುಗಿ ಕೂತೆ. "ಮತ್ತ ಯಾಕ ತಗೀಲಿಲ್ರಿ?"

"ರಿಕ್ಷಾದಾಗ ಬೋಗುಣಿ ನನ್ನ ತೊಡಿ ಮ್ಯಾಲ ಇತ್ತು. ದಾರಿತುಂಬ ವಿಚಾರ ಮಾಡಿದೆ. ತಗೀಬೇಕಂತ ಗಂಟಿಗೆ ಕೈ ಹಚ್ಚಿದ್ದೆ..." ಅವರು ಕಿಟಕಿಯ ಹೊರಗೆ ನೋಡಿದರು. "ನಮ್ಮವ್ವ ತಿರುಗಿ ಕೊಟ್ಟ ಪಾತ್ರೆದಾಗ ಯಾರೂ ಏನೂ ಹಾಕಿಕೊ‍ಡಲಿಲ್ಲ. ಹಾಕಿದ್ರ ಏನಾಗ್ತಿತ್ತು ಅಂತ ಒಮ್ಮೆ ನೋಡಬೇಕಿತ್ತು. ನೋಡಿದೆ. ಆ ರಂಗಕ್ಕ ತಿರುಗಿ ಹೋಗೂದಕಿಂತ ಅದು ನನಗ ದೊಡ್ಡದಾತು."

ಟ್ಯಾಕ್ಸಿ ವಿಮಾನ ನಿಲ್ದಾಣದ ದಾರಿಗೆ ಹೊರಳಿತು. ಅವರು ನನ್ನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. "ನಾ ಒಂದು ಕೇಳ್ಲೇನು? ನೀ ಮ್ಯಾಲ ಬರೂದು ಯಾಕ ಬಿಟ್ಟಿ? ನನ್ನ ಹಟದಿಂದ ನಿಮ್ಮೆಲ್ಲಾರ ಪ್ರವಾಸ ತಪ್ಪಿತು, ಅದಕ್ಕ ಸಿಟ್ಟಾಗಿದ್ದಿ ಅಂತ ತಿಳಕೊಂಡಿದ್ದೆ."

ಉತ್ತರ ಹೇಳುವಷ್ಟರಲ್ಲಿ ಗೇಟು ಬಂತು. ಹಿಂದಿನ ಗಾಡಿಯವನು ಹಾರ್ನು ಹೊಡೆಯುತ್ತಿದ್ದ, ಸಾಮಾನು ಇಳಿಸಬೇಕಿತ್ತು, ಪಾಸ್‌ಪೋರ್ಟು ಯಾವ ಚೀಲದಲ್ಲಿದೆಯೆಂದು ಹುಡುಕಬೇಕಿತ್ತು. ನಾನು ಅಳುತ್ತಿದ್ದೆ, ಅವರು ನಗುತ್ತಿದ್ದರು. ನಾವು ಊರಿನಿಂದ ಹೊರಡುವವರಿಗೆ ಮಾಡುವಂತೆ ಅವರ ಕೈಗೆ ಒಂದು ಚಮಚ ಮೊಸರು ಹಾಕಿ ಕಳಿಸಬೇಕೆಂದಿದ್ದೆ, ಅದೂ ಮರೆತುಹೋಯಿತು.

ಒಂದೂವರೆ ವರ್ಷದ ಮೇಲೆ ತಂಗಿಯ ಮಗಳಿಂದ ಫೋನಿಗೆ ಸುದ್ದಿ ಬಂತು. ನಿದ್ದೆಯಲ್ಲೇ ಹೋದರಂತೆ, ಏನೂ ಕಷ್ಟಪಡಲಿಲ್ಲವಂತೆ. ದೊಡ್ಡಮ್ಮ ಬಹಳ ತೃಪ್ತಿಯಿಂದ ಇದ್ದರು, ಪುಣೆಯ ನಾಟಕದ ಮಾತನ್ನೇ ಎಲ್ಲರಿಗೂ ಹೇಳುತ್ತಿದ್ದರು ಎಂದು ಅವಳು ಬರೆದಿದ್ದಳು. ಇರಬಹುದು. ಅವರ ಬದುಕಿನ ಲೆಕ್ಕದಲ್ಲಿ ನಾನು ಹಾಳು ಮಾಡಿದ್ದೇನೂ ಇರಲಿಲ್ಲವೆಂದು ಈಗ ನನಗೆ ಗೊತ್ತು, ಆ ಸಮಾಧಾನ ನನಗಿದೆ. ಅವರು ಬಂದು ಹೋದದ್ದರಿಂದ ನನ್ನ ಬದುಕು ಎಷ್ಟು ಬೆಳಗಿತೆಂಬುದೂ ಗೊತ್ತು.

ಮೇಲಿನ ಮನೆಯಲ್ಲಿ ಈಗ ಮಗ ಸೊಸೆ ಇದ್ದಾರೆ. ಅಡುಗೆ ಊಟ ಕೆಳಗೇ. ಮಲಗಲು ಮೇಲೆ ಹೋಗುತ್ತಾರೆ. ಪುಲಾವ್ ಉಂಡಾದ ಮೇಲೆ ಸೊಸೆ, "ಯಾಕ್ರಿ ಅತ್ತಿ, ಸರಿ ಆಗಿಲ್ಲೇನು?" ಎಂದು ಮತ್ತೆ ಕೇಳಿದಳು. ಚಲೋ ಆಗ್ಯದ ಎಂದೆ. ಒಗೆದ ಬಟ್ಟೆ ಒಣಗಿಸಲು ನಾನು ದಿನಾ ಮೇಲೆ ಹೋಗುತ್ತೇನೆ, ಈ ನೋಯುವ ಮೊಣಕಾಲು ಹೊತ್ತುಕೊಂಡೇ. ಹದಿನೆಂಟು ಮೆಟ್ಟಿಲು. ನಡುವೆ ಒಂದು ಸಲವೂ ನಿಲ್ಲುವ ಅಗತ್ಯವಿಲ್ಲ. ಆ ಎರಡು ವರ್ಷ ನಾನು ಹತ್ತದೇ ಹೋದದ್ದು ಇಷ್ಟನ್ನೇ.